ಕೊಂಡಿ

ಭಾಗ್ಯನಗರದ ಮನೆಯಲ್ಲಿ, ಕುಣಿಮಗ್ಗದೊಳಗೆ
ಕಾಲಿಳಿಬಿಟ್ಟು ಕೂತ ಅವ್ವ ಕೇಳುತ್ತಾಳೆ:
ರಿಪೋರ್ಟಿನ್ಯಾಗ ಏನ್ ಬರದಾರ, ಓದು.

ಏನಂತ ಓದಲಿ.
ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆ
ನೀ ಒಂದೊಂದಾಗಿ ಕೊಂಡಿ ಹಾಕುತ್ತೀಯಲ್ಲ,
ಹಂಗ, ಅಪ್ಪ ಕೊಟ್ಟ ಎಳೆ, ನೀ ಕೊಟ್ಟ ಎಳೆ
ನನ್ನೊಳಗೆ ಮಗ್ಗುಲಾಗಿ ಮಲಗಿದ್ದವು
ನೀ ನನ್ನ ಹೊತ್ತ ಐದನೇ ತಿಂಗಳು.

ಮೊದಲು ಕತ್ತರಿ ಬೀಳುತ್ತದಂತೆ, ನೂರಾರು ಕಡೆ,
ಕಂಡಕಂಡಲ್ಲಿ ಅಲ್ಲ,
ಮೊದಲೇ ಸುಣ್ಣದ ಚುಕ್ಕಿ ಇಟ್ಟಂಥ ಜಾಗದಲ್ಲಿ.
ಬಹಳಷ್ಟು ಗಾಯ ಗುರುತಿಲ್ಲದೆ ಮಾಯುತ್ತವೆ.
ಕೆಲವೇ ಕೊಂಡಿಯಾಗುತ್ತವೆ.
ಒಂದು ಬಿದ್ದರೆ ನೆರೆಯಲ್ಲಿ ಇನ್ನೊಂದನ್ನು ಬಿಟ್ಟುಕೊಳ್ಳದು,
ಆದರೂ ಜೋಡಿಗೊಂದಾದರೂ ಬೇಕೇ ಬೇಕು.
ಇಷ್ಟು ಬಿಗಿ ಕಟ್ಟಳೆ
ನೇಕಾರನೇ ಇಲ್ಲದ ಮಗ್ಗದಲ್ಲಿ.

ಆಮೇಲೆ ಕಾಯುವುದು.
ಮೂವತ್ತೆರಡು ವರ್ಷ, ಕತ್ತಲಲ್ಲಿ,
ಆ ಕೊಂಡಿಯೇ ಜೋಡಿಯನ್ನು ಹಿಡಿದಿರಬೇಕು.

ಇಪ್ಪತ್ತೊಂದನೇ ಜೋಡಿಗೆ ಬಿದ್ದಿರಲಿಕ್ಕಿಲ್ಲ
ಅಂದಳು ಗಂಗಾವತಿಯ ಡಾಕ್ಟರು.
ಇರಲಿಕ್ಕಿಲ್ಲ, ಅಷ್ಟೇ. ಖಾತ್ರಿ ಇಲ್ಲ.
ಮೂರನೆಯದೊಂದು ಎಳೆ ಹೆಚ್ಚಾಗಿ
ಹತ್ತು ವಾರಕ್ಕೇ ಬಿಚ್ಚಿಹೋಯಿತು ಕೂಸು.

ಅವ್ವನ ಲಾಳಿ ನಿಂತಿತು.
ಆಗ ಏಳು ತಿಂಗಳ ತನಕ ಇದ ಕುಣಿಯಾಗ ಇಳೀತಿದ್ದೆ,
ಹಲಗಿ ಎದಿಗೆ ಬಡೀತಿತ್ತು...

ಇಲ್ಲವ್ವಾ. ಯಾರ ಕೈಯಿಂದಲೂ ಅಲ್ಲ.

ನಂಬಿದಳೋ ಇಲ್ಲವೋ.
ಬೆರಳಿಗೆ ಉಗುಳು ಹಚ್ಚಿ ಮುಂದಿನ ಎಳೆ ಹುಡುಕಿದಳು.
ಸುಕ್ರಾರ ಗಿರಾಕಿ ಬರ್ತಾನ,
ಆ ಕಡಿ ಹಿಡಿ ತುಳಜಾ, ಅಂದಳು,
ಎಣಿಸ್ಕೋತ ಕೊಡು, ಒಂದೂ ತಪ್ಪಬ್ಯಾಡ.

ಹಿಡಿದೆ. ನೂರಾ ಹದಿನಾಲ್ಕರ ಹತ್ತಿರ
ಲೆಕ್ಕ ತಪ್ಪಿತು.
ಅವಳಿಗೆ ಹೇಳಲಿಲ್ಲ.