ನಾಲ್ಕನೇ ಕೈಗೆ

ಟೂಲ್ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ
ಸೀಮೆಸುಣ್ಣದ ಮೂರು ಇಸವಿ, ಒಂದು ಗೀಟು.
ಮೇಲಿನದು ನನ್ನದು, ಎರಡು ಸಲ ಒರೆಸಿ ಬರೆದದ್ದು.
ಕುಂಞಾಮು ಬರೆದ ಇಸವಿಗೆ ನಾವ್ಯಾರೂ ಇರುವುದಿಲ್ಲ.
ಗೀಟು ಗುಲ್ ಜಮಾನನದು. ಎಳೆದು, ಕೈ ಒರೆಸಿ,
"ಬರಲಿ, ಆಗ ಬರೆಯುತ್ತೇನೆ" ಅಂದ.

ಪಂಥ ಇಷ್ಟೆ: ಕರೆಂಟಿನ ಕಾರು
ನಮ್ಮಂಥವರ ಕಿಸೆಗೆ ಇಳಿಯುವುದು ಯಾವಾಗ?
ಗೆದ್ದವರಿಗೆ ಸೋತವರು ಒಂದು ವಾರ
ಕರಕ್ ಚಾ ಕುಡಿಸಬೇಕು, ಜೊತೆಗೊಂದು ಪರೋಟ.

ಶಾರ್ಜಾದ ಸನಾಯ್ಯ, ತಗಡಿನ ಮಾಡಿನ ಗಲ್ಲಿ.
ಇಪ್ಪತ್ತೆರಡು ವರ್ಷದಿಂದ ನಾನಿಲ್ಲಿ ಸೈಲೆನ್ಸರಿನ ವೈದ್ಯ.
ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಹೇಳಿಬಿಡುತ್ತೇನೆ
ತೂತು ಎಲ್ಲಿ, ಜಾಯಿಂಟ್ ಬಿಟ್ಟದ್ದೆಲ್ಲಿ.
ಗಂಗೊಳ್ಳಿ ಅಳಿವೆಯಲ್ಲಿ ಅಪ್ಪ ಕೊಟ್ಟ ಕಿವಿ ಇದು.
ಕತ್ತಲಲ್ಲಿ ಬರುವ ದೋಣಿ ಯಾರದ್ದೆಂದು
ಮೋಟಾರಿನ ಕೆಮ್ಮಿನಲ್ಲೇ ಗುರುತು ಹಿಡಿಯುತ್ತಿದ್ದೆವು.

ಎದುರಿನ ಟಯರ್ ಅಂಗಡಿಯ ಲೆಕ್ಕಕ್ಕೆ
ಶಿರ್ವದ ಜೆಸಿಂತಾಬಾಯಿ.
ಅವರ ಹಳೇ ಗಾಡಿಗೆ ಆರು ಸಲ ತೇಪೆ ಹಾಕಿದ್ದೇನೆ.
"ಮುಲ್ಕಿಯಾ" ಎಂದಾಗೆಲ್ಲ ಅವರಿಗೆ
ಮೂಲ್ಕಿಯ ಬಸ್‌ಸ್ಟ್ಯಾಂಡು ನೆನಪಾಗುತ್ತದಂತೆ.
ಬ್ಯಾಗಿನಲ್ಲಿ ಒಂದು ನೋಟ್‌ಬುಕ್ಕು:
ಒಂದನೇ ತಾರೀಕಿನ ಪೆಟ್ರೋಲ್ ದರ ಎಡಪುಟದಲ್ಲಿ,
ಚೀನಾದ ಹೊಸ ಗಾಡಿಯ ಕ್ರಯ ಬಲಪುಟದಲ್ಲಿ.
"ಇಳೀತಾ ಉಂಟು ಖಾರ್ವಿಯವರೇ, ಇಳೀತಾ ಉಂಟು,"
ಎನ್ನುತ್ತಾರೆ, ಜ್ವರದ ಮಗುವಿನ ಹಣೆ ಮುಟ್ಟಿದವರ ಹಾಗೆ.

ಇಳಿದರೆ ಏನು? ನಾನು ಕೇಳಿದೆ.
ನೀವಿರುವುದು ಐದನೇ ಮಾಳಿಗೆ, ಒಂದು ಕೋಣೆಗೆ ಮೂವರು.
ಕಿಟಕಿಯಿಂದ ವಯರು ಇಳಿಬಿಟ್ಟು ಚಾರ್ಜು ಮಾಡುವುದಾ,
ಬಾವಿಗೆ ಕೊಡಪಾನ ಇಳಿಸಿದ ಹಾಗೆ?
ನಕ್ಕರು.
ಆಮೇಲೆ ನಿಜವಾಗಿಯೂ
ಎಷ್ಟು ಮೀಟರ್ ಬೇಕೆಂದು ಲೆಕ್ಕ ಹಾಕಿದರು.

ಚಾದಂಗಡಿಯ ಕುಂಞಾಮುವಿನದು ಒಂದೇ ಮಾತು:
"ನೆಲದಡಿ ಎಣ್ಣೆ ಇರುವ ತನಕ ಯಾರು ಬಿಡ್ತಾರೆ?"
ಅವನ ಮಾತು ಮುಗಿಯುವ ಮೊದಲೇ
ಜಾಗದ ಧಣಿಯ ಮಗನ ಗಾಡಿ ಹಾದುಹೋಯಿತು,
ಸದ್ದಿಲ್ಲದೆ, ಹಾಲಿನ ಮೇಲೆ ಕೆನೆ ಸರಿದಂತೆ.
ಅದರ ಬೆಲೆಗೆ ನಮ್ಮ ಗಲ್ಲಿಯೇ ಬರುತ್ತದೆ, ನಾವೂ ಸೇರಿ.

ಗುಲ್ ಜಮಾನ್ ಪೇಂಟಿನ ಗನ್ ತೊಳೆಯುತ್ತಿದ್ದ.
"ಹೊಸದು ಅಗ್ಗವಾದರೆ ಅದು ಸಾಹೇಬರ ಅಗ್ಗ.
ನಮ್ಮ ಅಗ್ಗ ಬರುವುದು ನಾಲ್ಕನೇ ಕೈಗೆ.
ಮೊದಲನೆಯವ ಓಡಿಸಲಿ, ಎರಡನೆಯವ ಗುದ್ದಲಿ,
ಮೂರನೆಯವ ಮೀಟರು ಹಿಂದೆ ತಿರುಗಿಸಲಿ,
ಆಮೇಲೆ ನಾವು."

ಕಳೆದ ಗುರುವಾರ ಅದು ಬಂತು.
ರಿಕವರಿ ಗಾಡಿಯ ಬೆನ್ನ ಮೇಲೆ, ಹಗ್ಗ ಬಿಗಿಸಿಕೊಂಡು,
ಮಳೆನೀರಲ್ಲಿ ಕತ್ತಿನ ತನಕ ನಿಂತು ಸತ್ತ ಬಿಳಿ ಕಾರು.
ಸೀಟಿನ ಮೇಲೆ ಮರಳಿನ ಗೆರೆ,
ಉಬ್ಬರ ಇಳಿದ ಮೇಲೆ ಉಳಿಯುವಂಥದ್ದು.
ಕ್ರಯ ಏಳು ಸಾವಿರ ದಿರಹಮು. ಮಾತಾಡಿದರೆ ಆರು.

ಅಭ್ಯಾಸಬಲ. ರಟ್ಟು ಹಾಸಿ ಅಡಿಗೆ ನುಸುಳಿದೆ.
ಟಾರ್ಚು ಬಿಟ್ಟೆ. ಕೊಳವೆಯಿಲ್ಲ, ಮಸಿಯಿಲ್ಲ,
ಕವುಚಿ ಹಾಕಿದ ದೋಣಿಯ ಹೊಟ್ಟೆಯ ಹಾಗೆ ನುಣ್ಣಗೆ.
ಬೆರಳ ಗೆಣ್ಣಿನಿಂದ ಕುಟ್ಟಿದೆ.
ಎಲ್ಲಿ ಕುಟ್ಟಿದರೂ ಒಂದೇ ಉತ್ತರ.
ನನ್ನ ಕಿವಿಗೆ ಅಲ್ಲಿ ಕೂರಲು ಜಾಗವಿರಲಿಲ್ಲ.

ಆಗ ಚಪ್ಪಲಿ ಸದ್ದು. ಜೆಸಿಂತಾಬಾಯಿ.
ಬಾಗಿಲು ತೆಗೆದು, ಮರಳು ಕೊಡವಿ, ಒಳಗೆ ಕೂತರು.
ಕೆಳಗೆ ನಾನಿರುವುದು ಅವರಿಗೆ ಗೊತ್ತಿಲ್ಲ.
ನನ್ನ ಕೆನ್ನೆಯ ಪಕ್ಕ ಮುಂದಿನ ಚಕ್ರ
ಆಚೆ ಒಂದು ಬೆರಳು, ಈಚೆ ಒಂದು ಬೆರಳು ಹೊರಳಿತು.
ಆಮೇಲೆ ಅವರು ಮೆಲ್ಲಗೆ, ಬಾಯಲ್ಲೇ,
ಮಕ್ಕಳು ಮಾಡುವ ಹಾಗೆ, ಡುರ್ರ್ರ್ ಎಂದರು.
ಉಸಿರು ಹಿಡಿದು ಕೇಳಿದೆ.
ಅವರ ಹಳೇ ಗಾಡಿಯದೇ ಸದ್ದು,
ನಾನು ಹಾಕಿದ ಆರನೇ ತೇಪೆಯ ಸಮೇತ.

ಸಂಜೆ ಗುಲ್ ಜಮಾನ್ ಗೀಟಿನ ಮುಂದೆ ಇಸವಿ ಬರೆದ.
ಓಡದ ಗಾಡಿ ಲೆಕ್ಕಕ್ಕಿಲ್ಲವೆಂದು ಕುಂಞಾಮುವಿನ ಜಗಳ.
ಚಾ ಅವನದೇ ಆದ್ದರಿಂದ ಜಗಳ ಉದ್ದವಾಯಿತು.
ಜೆಸಿಂತಾಬಾಯಿ ಬಲಪುಟ ತೆರೆದು
ಆರು ಸಾವಿರ ಎಂದು ಬರೆದು,
ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಸಣ್ಣಕ್ಷರದಲ್ಲಿ:
ಬ್ಯಾಟರಿ ಎಷ್ಟು?