ನಲವತ್ತೊಂದನೇ ನಂಬರಿನ ಕಲೆ

ಅಂಕಿ ಅಂಶ ಪತ್ರಿಕೆಯವರು ಬರೆದಿಟ್ಟಿದ್ದಾರೆ,
ಬೇಕಾದವರು ಓದಿಕೊಳ್ಳಲಿ.
ನಾನು ಕಾಜ್ ವ್ರೂಬೆಲ್. ಏರಿ ಸರೋವರದ ದಂಡೆಯ ಸ್ಟೇಡಿಯಮ್ಮಿನ ಕೆಳಗೆ
ಬಾಯ್ಲರಿನ ಪಕ್ಕದ ಕೋಣೆಯಲ್ಲಿ
ಇಪ್ಪತ್ತಾರು ವರ್ಷ ತಂಡದ ಬಟ್ಟೆ ಒಗೆದವನು.
ಆಟ ನೋಡಿದ್ದು ಕಡಿಮೆ.
ತಲೆಯ ಮೇಲೆ ಸಾವಿರ ಸಾವಿರ ಕಾಲು ಒಟ್ಟಿಗೆ ಕುಟ್ಟಿದರೆ
ಶೆಲ್ಫಿನಲ್ಲಿ ಸೋಪಿನ ಡಬ್ಬ ಅದುರುತ್ತಿತ್ತು.
ಓ, ಲೂಷಿಯಸ್ ಟಾರ್ವರ್ ಏನೋ ಮಾಡಿದ.
ಏನು ಅಂತ ರಾತ್ರಿ ಅವನ ಪ್ಯಾಂಟು ಹೇಳುತ್ತಿತ್ತು.

ಎಡ ತೊಡೆಗೆ ಕೆಂಪು ಮಣ್ಣು: ಎರಡನೇ ಬೇಸ್ ಕದ್ದಿದ್ದಾನೆ.
ಹೊಟ್ಟೆಯ ಪಟ್ಟಿಗೂ ಕೆಂಪು: ಮೂರನೆಯದನ್ನೂ, ತಲೆ ಮುಂದಿಟ್ಟು.
ಮೊಣಕಾಲಿಗೆ ಹಸಿರು: ಓಡಿ, ಜಾರಿ,
ನೆಲ ಮುಟ್ಟಲು ನಾಲ್ಕು ಬೆರಳಿರುವಾಗ ಚೆಂಡು ಎತ್ತಿಕೊಂಡಿದ್ದಾನೆ.
ಒಂದು ಸಲ ಹಿಂಬದಿಗೆ
ಅವತ್ತೇ ಬಳಿದ ಬಿಯರ್ ಜಾಹೀರಾತಿನ ಹಳದಿ ಅಕ್ಷರ
ಉಲ್ಟಾ ಅಚ್ಚಾಗಿ ಬಂದಿತ್ತು.
ಗೋಡೆಯನ್ನೂ ಬಿಟ್ಟವನಲ್ಲ.
ಬರೀ ಬೆವರಿದ್ದರೆ ಹೋಮ್ ರನ್. ಅವತ್ತು ಅವಸರವಿರಲಿಲ್ಲ.

ಊರು ಹೆಲೆನಾ, ಆರ್ಕನ್ಸಾ.
ಸ್ಕೌಟ್ ಬಂದದ್ದು ಇವನಿಗಲ್ಲ, ಚೆಂಡೆಸೆಯುವ ಇವನ ಸೋದರಮಾವನ ಮಗನಿಗೆ.
ದಾರಿ ತಪ್ಪಿ ನದಿಯ ಏರಿಯಾಚೆ ಬಿದ್ದ ಚೆಂಡನ್ನು
ಮುಂದಿನ ಚೆಂಡು ಬೀಳುವುದರೊಳಗೆ ತಂದುಕೊಡುತ್ತಿದ್ದವನು ಇವನು.
ಸ್ಕೌಟ್ ಸೋದರಮಾವನ ಮಗನ ಹೆಸರೇ ಮರೆತ.

ಬಂದ ಮೊದಲ ವಾರ ಕೆಳಗಿಳಿದು ಬಂದ,
ತನ್ನ ಪ್ಯಾಂಟು ತಾನೇ ಒಗೆಯುತ್ತಾನಂತೆ.
"ನನ್ನಮ್ಮ ಹನ್ನೆರಡು ಮನೆಗೆ ಒಗೆಯುತ್ತಾಳೆ,
ಅವಳ ಮಗನದ್ದು ಇನ್ನೊಬ್ಬರು ಒಗೆಯುವುದೇ?"
ನನ್ನ ಹೊಟ್ಟೆಯ ಮೇಲೆ ಹೊಡೆಯಬೇಡ ಮಾರಾಯ, ಹೋಗು ಅಂದೆ.
ಹೋಗುತ್ತ ತಿರುಗಿ ಹೇಳಿದ:
ಕೆಂಪು ಮಣ್ಣು ಪೂರ್ತಿ ಒಣಗಲಿ. ಆಮೇಲೆ ತಣ್ಣೀರು, ವಿನೆಗರ್.
ಬಿಸಿನೀರು ಹಾಕಿದರೆ ಕೂತುಬಿಡುತ್ತದೆ.
ಅಲ್ಲಿಯತನಕ ನಾನು ಬಿಸಿನೀರೇ ಹಾಕುತ್ತಿದ್ದೆ.

ಕಣ್ಣಾರೆ ಕಂಡದ್ದು ಒಂದೇ ಸಲ, ಮೆಷಿನ್ನಿನ ಬೆಲ್ಟ್ ಹರಿದ ದಿನ.
ಸುರಂಗದ ಬಾಯಲ್ಲಿ ನಿಂತಿದ್ದೆ, ಕೈ ಇನ್ನೂ ಒದ್ದೆ.
ಬ್ಯಾಟಿನ ಸದ್ದು ನನ್ನ ಕಿವಿಗೆ ಬೀಳುವ ಮೊದಲೇ
ಅವನು ಬೆನ್ನು ತಿರುಗಿಸಿ ಓಡುತ್ತಿದ್ದ,
ಚೆಂಡಿನ ಕಡೆ ನೋಡದೆ,
ಅದು ಇಳಿಯುವ ವಿಳಾಸ ಗೊತ್ತಿದ್ದವನ ಹಾಗೆ.
ಹಿಡಿದ. ತಿರುಗಿದ. ಎಸೆದ.
ಮೂರನೇ ಬೇಸಿನಿಂದ ಹೊರಟ ದಾಂಡಿಗ
ಅರ್ಧ ದಾರಿಯಲ್ಲಿ ನಿಂತು ನೋಡುತ್ತಿದ್ದ, ನನ್ನ ಹಾಗೆಯೇ.

ಹತ್ತು ವರ್ಷ ಕಾಲಿಗೆ ಬುದ್ಧಿ ಹೇಳಿದವನು.
ಹನ್ನೊಂದನೆಯದರಲ್ಲಿ ಕಾಲೇ ಅವನಿಗೆ ಬುದ್ಧಿ ಹೇಳತೊಡಗಿತು.
ಪರಊರಿನ ಪ್ಲಾಸ್ಟಿಕ್ ಹುಲ್ಲು.
ಅದರಲ್ಲಿ ಬಿದ್ದರೆ ಬಟ್ಟೆಗೆ ಕಲೆಯಿಲ್ಲ, ಒಳಗೆ ಚರ್ಮ ಸುಡುತ್ತದೆ.
ಮೊಣಕಾಲಲ್ಲಿ ಏನು ಹರಿಯಿತೋ ನನಗೆ ಕಾಣುವಂತಿರಲಿಲ್ಲ.
ಸೆಂಟರ್ ಬಿಟ್ಟು ಲೆಫ್ಟ್ ಫೀಲ್ಡ್,
ಲೆಫ್ಟ್ ಬಿಟ್ಟು ಬೆಂಚು.
ಗೂಡೆಗೆ ಮಡಿಕೆ ಬಿಚ್ಚದಂಥ ಪ್ಯಾಂಟು ಬೀಳತೊಡಗಿತು.
ಆದರೂ ಒಗೆದೆ. ಕೆಲಸ ಕೆಲಸವೇ.

ಕೊನೆಯ ಸೆಪ್ಟೆಂಬರಿನ ಒಂದು ರಾತ್ರಿ,
ಸೊಂಟಪಟ್ಟಿಯೊಳಗೆ ಕಪ್ಪು ಶಾಯಿಯ ನಲವತ್ತೊಂದು,
ಎಡ ತೊಡೆಯ ಮೇಲೆ ಕೆಂಪು ಮಣ್ಣು!
ರೇಡಿಯೋ ಇಟ್ಟೇ ಇದ್ದೆ, ಅವನ ಹೆಸರು ಬಂದಿರಲಿಲ್ಲ.
ಬಲ್ಬಿನ ಕೆಳಗೆ ಹಿಡಿದೆ.
ಜಾರಿದ ಮಣ್ಣು ಉದ್ದಕ್ಕೆ ಎಳೆದಿರುತ್ತದೆ, ನೂಲಿನೊಳಗೆ ಹೊಕ್ಕಿರುತ್ತದೆ.
ಇದು ದುಂಡಗೆ, ಮೇಲುಮೇಲೆ,
ಅಂಚಿನಲ್ಲಿ ನಾಲ್ಕು ಬೆರಳು ಸ್ಪಷ್ಟ.

ಯಾರಿಗೆ ತೋರಿಸಲಿಕ್ಕೆ? ಕೇಳಲಿಲ್ಲ.
ರಾತ್ರಿಯಿಡೀ ಒಣಗಲು ಬಿಟ್ಟೆ.
ಬೆಳಿಗ್ಗೆ ತಣ್ಣೀರು, ವಿನೆಗರ್.
ಹೋಗದೆ ಏನು, ಹೋಯಿತು.

ಮುಂದಿನ ಏಪ್ರಿಲ್‌ನಲ್ಲಿ ಆ ನಂಬರು ಯಾವನೋ ಪಿಚರಿಗೆ.
ಒಳ್ಳೆಯ ಹುಡುಗ, ಕ್ರಿಸ್‌ಮಸ್ಸಿಗೆ ಟಿಪ್ಸ್ ಕೊಡುತ್ತಾನೆ.
ಪ್ಯಾಂಟು ಮಾತ್ರ ಕೊಳೆಯಾಗುವುದೇ ಇಲ್ಲ.