ಗಾಜಿನ ಹೆಂಚು

ಶಿವರಾತ್ರಿ ಕಳೆದ ಮೂರನೇ ದಿನ
ಚಾತು ಮೇಸ್ತ್ರಿ ಏಣಿ ಹೊತ್ತು ಬಂದ.
ಬಂದವನು ಮಾಡು ನೋಡಲಿಲ್ಲ,
ನನ್ನ ಹೊಲಿಗೆಯಂತ್ರ ನೋಡಿದ.
"ಇನ್ನೂ ಇಲ್ಲೇ ಇಟ್ಟಿದ್ದೀಯಲ್ಲ ತಂಗಿ."

ಇಲ್ಲೇ. ಬೆಳಕು ಬೀಳುವುದು ಇಲ್ಲೇ.

ಶನಿವಾರಸಂತೆಯ ಈ ಹಿಂಬೀದಿಯಲ್ಲಿ
ಗೋಡೆಗೆ ಗೋಡೆ ಒರಗಿದ ಮನೆಗಳು,
ಕಿಟಕಿ ತೆರೆದರೆ ಪಕ್ಕದವರ ಅಕ್ಕಿಡಬ್ಬ.
ನಡುಮನೆಗೆ ಹಗಲೆಂದರೆ
ಒಂದು ಗಾಜಿನ ಹೆಂಚಿನಷ್ಟು ಅಗಲ.
ಅದರಡಿ ನಾನು, ನನ್ನ ಮೆಟ್ಟುಯಂತ್ರ,
ನೀಲಿ ಚಡ್ಡಿ, ನೀಲಿ ಲಂಗ,
ಶಾಲೆ ತೆರೆಯುವ ಮೊದಲು ನೂರ ನಲವತ್ತು ಜೊತೆ.

ಹೋದ ವರ್ಷ ಆಲಿಕಲ್ಲು
ಊರೆಲ್ಲ ಬಿಟ್ಟು ಹುಡುಕಿದ್ದು ಆ ಗಾಜನ್ನೇ.
ನೆಲ್ಲಿಕಾಯಿ ಗಾತ್ರ ಎಂದೆ ನಾನು,
ಲಿಂಬೆ ಗಾತ್ರ ಎಂದಳು ಎದುರುಮನೆ ಸಫೂರ.
ಪಂಚಾಯಿತಿಯವರು ಬರೆದುಕೊಳ್ಳಲು ಬಂದಾಗ
ಇಬ್ಬರೂ ಸುಮ್ಮನಾದೆವು,
ತೋರಿಸಲು ಇದ್ದದ್ದು ಒಂದು ಚೆಂಬು ನೀರು.

ಮೇಸ್ತ್ರಿ ಹತ್ತಿದ.
ಸಂತೆಯಲ್ಲಿ ಗಡಿಗೆ ಕೊಳ್ಳುವವರ ಹಾಗೆ
ಬೆರಳ ಗೆಣ್ಣಿನಿಂದ ಒಂದೊಂದೇ ಹೆಂಚು ತಟ್ಟಿ
ಕಿವಿಗೊಟ್ಟ.
ಟಣ್ ಎಂದದ್ದು ಮೇಲೆ,
ಡಬ್ ಎಂದದ್ದು ಕೆಳಗೆ.
ಇಪ್ಪತ್ತಮೂರು ಡಬ್ ಹೆಂಚು ಇಳಿದವು,
ಜೊತೆಗೊಂದು ಇಲಿಗೂಡು:
ನಾನು ಕಳೆದುಕೊಂಡ ದಾರ, ಕತ್ತರಿಸಿ ಬಿಟ್ಟ ನೀಲಿ ಅಂಚು.
"ಇಲಿಮರಿಗೂ ಯೂನಿಫಾರ್ಮು ನಿನ್ನದೇ" ಎಂದ.

ಅವನು ಮೇಲಿಂದ ಹೇಳಿದ, ನಾನು ಕೆಳಗೆ ಮಾಡಿದೆ.
ತಗಡಿನ ದೋಣಿಯಿಂದ ಎಲೆಗೊಬ್ಬರ ಬಾಚಿದೆ,
ಯಾರದೋ ಮಗುವಿನ ಚೆಂಡು ಸಿಕ್ಕಿತು.
ಬೋರ್ಡು ಬಿಚ್ಚಿ ಗೋಡೆಗೆ ಒರಗಿಸಿದೆ;
ಇನ್ನೆರಡು ತಿಂಗಳು ಹೆಸರಿಲ್ಲದ ದರ್ಜಿ ನಾನು.
ಬೀದಿಕಿಟಕಿಗೆ ಎರಡು ಪದರ ಗೋಣಿ,
ಡಿಶ್‌ಗೆ ಹಗ್ಗ,
ಸಫೂರಳ ಕೋಳಿಗೂಡಿನ ಮೇಲೆ
ನಾವಿಬ್ಬರೂ ಸೇರಿ ಎತ್ತಿಟ್ಟದ್ದು ಹಳೆಯ ಬಾಗಿಲು.

ಸಿಲ್ವರ್ ಓಕಿನ ಕೊಂಬೆಯೊಂದು ಉಳಿಯಿತು.
ಮರ ತೋಟದ್ದು, ಕೊಂಬೆ ನಮ್ಮ ಮಾಡಿನ ಮೇಲೆ.
ಕೇಳಲು ಹೋದೆ.
ಕಾಳಯ್ಯನವರು ಕಾಫಿಮೊಗ್ಗು ಚಿವುಟಿ ನೋಡುತ್ತಿದ್ದರು.
"ಹೂಮಳೆ ಒಂದು ಬಿದ್ದುಬಿಡಲಿ, ಆಮೇಲೆ ಕಡಿಸೋಣ."
ಅವರಿಗೆ ಏನು ಹೇಳಲಿ.
ಒಂದೇ ಮೋಡ:
ಅವರು ಅದಕ್ಕೆ ಕೈ ಮುಗಿಯುತ್ತಾರೆ,
ನಾನು ಅದನ್ನು ಕಂಡು ಬಟ್ಟೆ ಎತ್ತಿಡುತ್ತೇನೆ.
ಮಳೆ ತಪ್ಪಿ ಹೂ ಕಟ್ಟದಿದ್ದರೆ ಲೈನ್‌ಮನೆಗಳಿಗೆ ಕೂಲಿಯಿಲ್ಲ,
ಕೂಲಿಯಿಲ್ಲದಿದ್ದರೆ ಯಾವ ತಾಯಿಯೂ
ಹೊಲಿಗೆಯ ಬಾಕಿ ತೀರಿಸುವುದಿಲ್ಲ.
ಅದೂ ಗೊತ್ತಿದ್ದು ಹೇಗೆ ಬೈಯಲಿ ಮೋಡವನ್ನು?

ಸಂಜೆ ಮೇಸ್ತ್ರಿ ಗಾಜು ಒಡೆದಿದ್ದ ಕಿಂಡಿಯಿಂದ
ತಲೆ ಇಳಿಸಿ ಕೇಳಿದ:
"ಇಲ್ಲಿಗೂ ಮಣ್ಣಿಂದೇ ಹಾಕಿಬಿಡಲಾ?
ಟ್ಯೂಬ್‌ಲೈಟ್ ಇದೆಯಲ್ಲ ನಿನಗೆ."

ಟ್ಯೂಬ್‌ಲೈಟಿನಲ್ಲಿ ನೀಲಿ ದಾರ, ಕಪ್ಪು ದಾರ
ಅಕ್ಕತಂಗಿಯರು, ಮೇಸ್ತ್ರಿ.
ಗುಡುಗಿದರೆ ಕರೆಂಟು ಮೊದಲು ಹೋಗುವುದು.

"ಫೈಬರು?"
ಎರಡೇ ವರ್ಷಕ್ಕೆ ಹಳದಿ. ಆಮೇಲೆ ಬಿಳಿ ಅಂಗಿಯೂ ಹಳದಿ.

ಅವನು ತಲೆ ಹಿಂದೆಗೆದ.
ಸ್ವಲ್ಪ ಹೊತ್ತು ಕಿಂಡಿಯಲ್ಲಿ ಬರೀ ಆಕಾಶ.
ಆಮೇಲೆ ಹುಲ್ಲು ಸುತ್ತಿದ್ದ ಗಾಜಿನ ಹೆಂಚು ಬಂತು,
ಬೆಳಿಗ್ಗೆಯೇ ಅವನ ಚೀಲದಲ್ಲಿ ಇದ್ದದ್ದು.
"ಇನ್ನೂರ ಎಂಬತ್ತು. ಚೌಕಾಸಿ ಬೇಡ."
ಅದರ ಮೇಲೆ ಒಂದು ಗೇಣು ಎತ್ತರಕ್ಕೆ
ನಾಲ್ಕು ರೀಪಿನ ತುಂಡು, ಬಿಗಿದು ಕಟ್ಟಿದ ಕೋಳಿಬಲೆ.
"ಬರುವ ಕಲ್ಲು ಇದಕ್ಕೆ ಸಿಕ್ಕಿದರೆ ನಿನ್ನ ಪುಣ್ಯ,
ಬಲೆಗಿಂತ ಸಣ್ಣದಾದರೆ ಅದರ ಪುಣ್ಯ."

ಈಗ ನೀಲಿ ಬಟ್ಟೆಯ ಮೇಲೆ
ಬಲೆಯ ನೆರಳು ಬೀಳುತ್ತದೆ.
ಸೀಮೆಸುಣ್ಣದ ಗೆರೆಯೆಂದು ನೆರಳಿನ ಗೆರೆ ಹಿಡಿದು
ನಿನ್ನೆ ಒಂದು ಲಂಗ ತಪ್ಪು ಕತ್ತರಿಸಿದೆ.
ಒಂದನೇ ತರಗತಿಯ ಯಾರಿಗಾದರೂ ಆದೀತು.

ಇವತ್ತು ಮೂರು ಗಂಟೆಗೆ
ಹಾಸನದ ಕಡೆಯಿಂದ ಬೆಳಕು ಬಣ್ಣ ತಿರುಗಿಸಿತು.
ತೋಟದಲ್ಲಿ ಯಾರೋ ಖುಷಿಯಿಂದ ಕೂಗಿದರು.
ದಾರ ಕಚ್ಚಿ ತುಂಡರಿಸಿದೆ,
ಹೊಲಿದದ್ದನ್ನೆಲ್ಲ ಟ್ರಂಕಿಗೆ ತುಂಬಿದೆ,
ಯಂತ್ರವನ್ನು ಗೋಡೆಗೆ ಎಳೆದು
ಸಫೂರಳನ್ನು ಒಳಗೆ ಕರೆದು ಬಾಗಿಲು ಹಾಕಿದೆ.
ಇಬ್ಬರೂ ತಲೆಯೆತ್ತಿ ಕುಳಿತಿದ್ದೇವೆ,
ಟಣ್ ಎನ್ನುವುದೋ
ಡಬ್ ಎನ್ನುವುದೋ.